ಗೋಧಿ ಡಬ್ಬಿಯಲ್ಲಿದ್ದ ಕನ್ನಡಕ

ಹನ್ನೊಂದು ದಿನ ನಾನು ನನ್ನ ತಮ್ಮನ ಕನ್ನಡಕವನ್ನು ಬುತ್ತಿಯ ಚೀಲದಲ್ಲಿ ಇಡಲಿಲ್ಲ. ಅವನು ದಿನಾ ಫೋನ್ ಮಾಡಿ ಕೇಳುತ್ತಿದ್ದ. ಕನ್ನಡಕ ನನ್ನ ಅಡುಗೆಮನೆಯಲ್ಲೇ, ಗೋಧಿ ಡಬ್ಬಿಯ ತಳದಲ್ಲಿತ್ತು. ದಿನವೂ ಮುಚ್ಚಳ ತೆಗೆದು, ಗೋಧಿಯೊಳಗೆ ಮೊಣಕೈತನಕ ಕೈ ಹಾಕಿ, ಅದು ಇದೆಯೆಂದು ಮುಟ್ಟಿ ನೋಡಿ ಮತ್ತೆ ಮುಚ್ಚುತ್ತಿದ್ದೆ. ಇವತ್ತು ಅವನ ಬಲಗಣ್ಣಿನ ಕರಿಗುಡ್ಡೆಯ ಮೇಲೆ ಅಕ್ಕಿನುಚ್ಚಿನಷ್ಟು ಬಿಳಿ ಕಲೆ ಇದೆ. ಆ ಕಣ್ಣಿನಿಂದ ನೋಡಿದರೆ ಒಲೆಯ ಹಬೆಯೊಳಗಿಂದ ನೋಡಿದಂತೆ ಕಾಣುತ್ತದೆ ಎನ್ನುತ್ತಾನೆ.

ಇದನ್ನು ಬರೆಯಲು ಕುಳಿತ ಮೇಲೆ ಮೂರು ಸಲ ಎದ್ದಿದ್ದೇನೆ. ಒಮ್ಮೆ ಹಾಲು ನೋಡಲು, ಒಮ್ಮೆ ಬಾಗಿಲು ಹಾಕಲು, ಇನ್ನೊಮ್ಮೆ ಸುಮ್ಮನೆ. ನಾನು ಕಲಿತದ್ದು ಏಳನೆಯ ಇಯತ್ತೆ ತನಕ. ಆದರೆ ಅಕ್ಷರ ಬಾರದೆ ತಡವರಿಸುತ್ತಿಲ್ಲ. ಕುಳಿತರೆ ಆ ಹನ್ನೊಂದು ದಿನ ಒಂದೊಂದಾಗಿ ಬಂದು ಎದುರಿಗೆ ನಿಲ್ಲುತ್ತವೆ.

ನಮ್ಮ ತವರು ಮೂಡಲಗಿ. ತಮ್ಮ ನನಗಿಂತ ಆರು ವರ್ಷ ಚಿಕ್ಕವನು. ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಬೋರ್ಡಿನ ಮೇಲಿನ ಅಕ್ಷರ ಕಾಣದೆ ಪಕ್ಕದ ಹುಡುಗನ ವಹಿ ನೋಡಿ ಬರೆಯುತ್ತಿದ್ದ. ಮಾಸ್ತರರು ನಕಲು ಮಾಡುತ್ತಾನೆಂದು ಹೊಡೆದ ಮೇಲೆ ವಿಷಯ ಹೊರಗೆ ಬಂತು. ಅಪ್ಪ ಗೋಕಾಕಕ್ಕೆ ಕರೆದುಕೊಂಡು ಹೋಗಿ ಕನ್ನಡಕ ಕೊಡಿಸಿದ. ದಪ್ಪ ಗಾಜು. ಅದಿಲ್ಲದಿದ್ದರೆ ಎದುರಿಗೆ ನಿಂತವರು ಅಪ್ಪನೋ ಅವ್ವನೋ ಎಂದು ದನಿ ಕೇಳಿಯೇ ಹೇಳಬೇಕು. ಬೆಳಿಗ್ಗೆ ಹಾಸಿಗೆಯಲ್ಲಿ ಕಣ್ಣು ಮುಚ್ಚಿಕೊಂಡೇ ಕೈ ಚಾಚುತ್ತಿದ್ದ. ಗೋಡೆಯ ಗೂಡಿನಲ್ಲಿದ್ದ ಕನ್ನಡಕವನ್ನು ಸೆರಗಿನಿಂದ ಒರೆಸಿ ಅವನ ಅಂಗೈಯಲ್ಲಿ ಇಡುವುದು ನನ್ನ ಕೆಲಸ. ಮದುವೆಯಾಗಿ ಹುಕ್ಕೇರಿ ಕಡೆಯ ಹಳ್ಳಿಗೆ ಬರುವ ತನಕ ಅದನ್ನು ಒಂದು ದಿನವೂ ತಪ್ಪಿಸಲಿಲ್ಲ.

ಗಂಡನ ಮನೆಯಲ್ಲಿ ಟ್ರ್ಯಾಕ್ಟರ್ ಇದೆ. ಕಬ್ಬಿನ ಹಂಗಾಮು ಶುರುವಾದರೆ ಹಿಂದೆ ಎರಡು ಟ್ರೇಲರ್ ಕಟ್ಟಿ ಕಾರ್ಖಾನೆಗೆ ಕಬ್ಬು ಸಾಗಿಸುತ್ತಾರೆ. ವ್ಯವಹಾರವೆಲ್ಲ ಮಾವನವರದು. ಅವರದು ಒಂದೇ ಹಟ, ಕನ್ನಡಕದ ಡ್ರೈವರ್ ಬೇಡ. ಹಿಂದೆ ಅಂಥವನೊಬ್ಬ ಬೆಳಗಿನ ಮಂಜಿನಲ್ಲಿ ಗಾಜು ಒರೆಸಿಕೊಳ್ಳುತ್ತ ಹೋಗಿ ಹಿಂದಿನ ಟ್ರೇಲರನ್ನು ಕಾಲುವೆಗೆ ಕೆಡವಿದ್ದನಂತೆ. ಹೋದ ಹಂಗಾಮಿನಲ್ಲಿ ಇದ್ದ ಡ್ರೈವರ್ ನಡುವೆಯೇ ಬಿಟ್ಟು ಹೋದ. ತಮ್ಮ ಮೂಡಲಗಿಯಲ್ಲಿ ಖಾಲಿ ಕುಳಿತಿದ್ದ. ಲೈಸೆನ್ಸ್ ಇತ್ತು, ಕೈ ಚೆನ್ನಾಗಿತ್ತು. ನಾನೇ ಅವನ ಹೆಸರು ಹೇಳಿದೆ. ಊಟಕ್ಕೆ ಕುಳಿತಿದ್ದ ಮಾವನವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

“ಅಂವಗ ಚಸ್ಮಾ ಇತ್ತಲ್ಲವಾ?”

“ಈಗ ಇಲ್ರಿ ಮಾವಾರ. ಗೋಕಾಕದಾಗ ತೋರಿಸಿದ ಮ್ಯಾಲ ಕಣ್ಣ ನೆಟ್ಟಗ ಆಗ್ಯಾವ್ರಿ” ಅಂದೆ.

ಅಷ್ಟು ಸಲೀಸಾಗಿ ಬಂತು. ತವರಿನವರು ಈ ಮನೆಯ ಉಪಯೋಗಕ್ಕೆ ಬಂದರು ಅನ್ನಿಸಿಕೊಳ್ಳುವ ಆಸೆ ನನಗೆ. ಅದೇ ಸಂಜೆ ತಮ್ಮನಿಗೆ ಫೋನ್ ಮಾಡಿ ನಡೆದದ್ದು ಹೇಳಿದೆ. ಅವನು ನಕ್ಕ.

“ಅಕ್ಕಾ, ನನ್ನ ಕಣ್ಣ ನೆಟ್ಟಗ ಆಗಿದ್ದ ನನಗೂ ಒಂದ ಮಾತ ತಿಳಿಸಬೇಕಿತ್ತಲ್ಲಬೇ.”

ನಕ್ಕವನು ಮರುದಿನ ಗೋಕಾಕಕ್ಕೆ ಹೋಗಿ ಕಣ್ಣಿನೊಳಗೆ ಹಾಕಿಕೊಳ್ಳುವ ಲೆನ್ಸ್ ತಂದ. ಅಂಗಡಿಯವರು ಹೇಳಿದ್ದನ್ನೆಲ್ಲ ಪಾಠ ಒಪ್ಪಿಸುವಂತೆ ನನಗೂ ಹೇಳಿದ. ಮಲಗುವ ಮುಂಚೆ ತೆಗೆಯಬೇಕು. ದಿನಾ ಹೊಸ ಔಷಧದ ನೀರಿನಲ್ಲಿ ಇಡಬೇಕು, ಬೇರೆ ನೀರು ತಾಗಬಾರದು. ತಿಂಗಳಿಗೆ ಆ ಜೋಡಿ ಎಸೆದು ಹೊಸದು ಹಾಕಬೇಕು. ಕಣ್ಣು ಕೆಂಪಾದರೆ ತೆಗೆದು ಡಾಕ್ಟರಿಗೆ ತೋರಿಸಬೇಕು. ನಾನು ಅಕ್ಕಿ ಆರಿಸುತ್ತ ಹೂಂ ಹೂಂ ಅಂದೆ. ಎಲ್ಲವೂ ಕಿವಿಗೆ ಬಿದ್ದಿತ್ತು. ಗೊತ್ತಿರಲಿಲ್ಲ ಎಂದು ನಾನು ಹೇಳುವ ಹಾಗಿಲ್ಲ.

ಕಾರ್ಖಾನೆಯ ಯಾರ್ಡಿನಲ್ಲಿ ಕಬ್ಬಿನ ಗಾಡಿಗಳಿಗೆ ನಂಬರ್ ಕೊಡುತ್ತಾರೆ. ನಂಬರ್ ಬರುವ ತನಕ ಸಾಲಿನಲ್ಲಿ ನಿಲ್ಲಬೇಕು. ಸಾಲು ಯಾವ ಹೊತ್ತಿಗೆ ಸರಿಯುತ್ತದೋ ಹೇಳಲಾಗದು. ಮುಂದಿನ ಗಾಡಿ ಸರಿದಾಗ ಇವನು ಸರಿಯದಿದ್ದರೆ ಹಿಂದಿನವರು ಬೈಯುತ್ತ ನುಗ್ಗುತ್ತಾರೆ, ನಂಬರ್ ಹೋಗುತ್ತದೆ. ಹಾಗಾಗಿ ಡ್ರೈವರುಗಳು ಸೀಟಿನ ಮೇಲೇ ನಿದ್ದೆ ಮಾಡುತ್ತಾರೆ. ತಮ್ಮನ ಹತ್ತಿರ ಕನ್ನಡಕ ಇದ್ದರೆ ಲೆನ್ಸ್ ತೆಗೆದಿಟ್ಟು, ಕನ್ನಡಕ ಹಾಕಿಕೊಂಡು ಗಾಡಿ ಸರಿಸಬಹುದು. ಇಲ್ಲದಿದ್ದರೆ ಲೆನ್ಸ್ ಕಣ್ಣಲ್ಲಿಟ್ಟುಕೊಂಡೇ ಮಲಗಬೇಕು.

ಮೊದಲು ಸಂಜೆಯ ಹಾಲಿನ ಗಾಡಿಯವನ ಕೈಲಿ ಬುತ್ತಿ ಹೋಗುತ್ತಿತ್ತು. ಹಳೆಯ ಕುಬಸದ ಅರಿವೆಯಲ್ಲಿ ಕನ್ನಡಕ ಸುತ್ತಿ ರೊಟ್ಟಿಯ ಕೆಳಗೆ ಇಡುತ್ತಿದ್ದೆ. ಬೆಳಿಗ್ಗೆ ಖಾಲಿ ಡಬ್ಬಿಗಳ ಜೊತೆ ಅದು ತಿರುಗಿ ಬರುತ್ತಿತ್ತು. ಹಗಲು ಯಾರ್ಡಿನಲ್ಲಿ ನಮ್ಮೂರವರು ಇರುತ್ತಾರೆ, ಅವನ ಹತ್ತಿರ ಅದು ಕಾಣುವುದು ಬೇಡ ಎಂದು ನಾನೇ ಹಾಗೆ ಗೊತ್ತು ಮಾಡಿದ್ದೆ. ಬಂದದ್ದನ್ನು ಗೋಧಿ ಡಬ್ಬಿಗೆ ಹಾಕುತ್ತಿದ್ದೆ. ನಮ್ಮಲ್ಲಿ ದಿನಾ ಜೋಳ. ಗೋಧಿಗೆ ಕೈ ಹಾಕುವುದು ಹೋಳಿಗೆಯ ದಿನ ಮಾತ್ರ.

ಒಂದು ಸಂಜೆ ಮಾವನವರು ಬುತ್ತಿ ತಾವೇ ಒಯ್ಯುತ್ತೇನೆಂದರು. ಯಾರ್ಡಿನಲ್ಲಿ ಚಹಾದ ಅಂಗಡಿ ಇತ್ತು, ಮಾತಿಗೆ ನಾಲ್ಕು ಜನ ಸಿಗುತ್ತಿದ್ದರು, ಅವರಿಗೂ ಹೊತ್ತು ಹೋಗುತ್ತಿತ್ತು. ಅವರು ಕೂತರೆ ಚೀಲ ತಾವೇ ಬಿಚ್ಚಿ ಬಡಿಸುವವರು. ಚೀಲ ಆಗಲೇ ಮೋಟಾರ್ ಸೈಕಲ್ಲಿನ ಹಿಡಿಯಲ್ಲಿ ತೂಗುತ್ತಿತ್ತು. ಚಟ್ನಿ ಮರೆತೆನೆಂದು ಓಡಿ ಹೋಗಿ, ಕೈ ತೂರಿಸಿ, ಅರಿವೆಯ ಗಂಟನ್ನು ಎಳೆದು ಸೆರಗಿನೊಳಗೆ ಹಾಕಿಕೊಂಡೆ. ಅದು ಮೊದಲನೆಯ ದಿನ.

ಆಮೇಲೆ ದಿನಾ ಅವರೇ ಒಯ್ದರು. ಆ ದಿನಗಳಲ್ಲಿ ಕಾರ್ಖಾನೆಯಲ್ಲಿ ಏನೋ ಕೆಟ್ಟು ಸಾಲು ಉದ್ದವಾಗಿತ್ತು. ಒಂದು ಖೇಪಿಗೆ, ಅಂದರೆ ಒಂದು ಸಲ ಕಬ್ಬು ಇಳಿಸಿ ಬರಲು, ಎರಡು ದಿನ, ಮೂರು ದಿನ. ತಮ್ಮ ಯಾರ್ಡಿನಿಂದ ನೇರ ಹೊಲಕ್ಕೆ, ಹೊಲದಿಂದ ಮತ್ತೆ ಯಾರ್ಡಿಗೆ. ಮನೆಯ ಕಡೆ ಬರಲೇ ಇಲ್ಲ. ಕನ್ನಡಕ ಮುಟ್ಟಿಸಲು ಬೇರೆ ದಾರಿ ಇರಲಿಲ್ಲವೇ? ಇತ್ತು. ಬಸ್ಸಿತ್ತು, ಒಂದು ತಾಸಿನ ದಾರಿ. ಹುಕ್ಕೇರಿ ಸಂತೆಗೆ ಹೋಗುತ್ತೇನೆಂದು ಹೇಳಿ ಹೊರಟರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ಒಮ್ಮೆ ಸೀರೆ ಬದಲಿಸಿ ಹೊಸ್ತಿಲ ತನಕ ಬಂದೆ. ಯಾರ್ಡಿನಲ್ಲಿ ಮಾವನವರು ಎದುರಾದರೆ ಏನು ಹೇಳಲಿ ಅನ್ನಿಸಿತು. ಒಳಗೆ ಹೋಗಿ ಸೀರೆ ಬದಲಿಸಿ ಪಾತ್ರೆ ತಿಕ್ಕಿದೆ.

“ಅಕ್ಕಾ, ಚಸ್ಮಾ ಕಳಸಬೇ” ಅನ್ನುತ್ತಿದ್ದ. ನಾಳೆ ಎನ್ನುತ್ತಿದ್ದೆ. ಲೆನ್ಸಿನ ಔಷಧದ ನೀರು ಮುಗಿದಿದೆ, ಕಡಿತ ತಾಳದಾದಾಗ ತೆಗೆದು ತೊಟ್ಟಿಯ ನೀರಿನಲ್ಲಿ ಅದ್ದಿ ಮತ್ತೆ ಹಾಕಿಕೊಳ್ಳುತ್ತೇನೆ ಅಂದ. ಆ ಜೋಡಿ ಎಸೆಯುವ ತಿಂಗಳು ಎಂದೋ ಮುಗಿದಿತ್ತು. ನಾನು ನಾಲ್ಕು ದಿನ ತಡಿ ಅಂದೆ.

ಎಂಟನೆಯ ದಿನ ಮಾವನವರು ಖಾಲಿ ಡಬ್ಬಿ ತಂದಿಟ್ಟು ದನಿ ತಗ್ಗಿಸಿ ಕೇಳಿದರು. “ನಿನ್ನ ತಮ್ಮ ದಿನಾ ಕುಡಿಯಾಕ ಹತ್ಯಾನೇನವಾ? ಕಣ್ಣ ಅಂದ್ರ ಹಣ್ಣ ಮೆಣಸಿನಕಾಯಿ ಆಗ್ಯಾವು. ಯಾರ್ಡಿನಾಗ ಮಂದಿ ನಗಾಕತ್ತಾರ.”

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಇಲ್ಲ, ಕಬ್ಬಿನ ಒಣ ಎಲೆಯ, ರವದಿಯ ಧೂಳು ಹೋಗಿರಬೇಕು ಅಂದೆ. ಅಷ್ಟಕ್ಕೆ ನಿಲ್ಲಿಸಲಿಲ್ಲ. ಮಾವನವರ ಮೋತಿಬಿಂದು ಆಪರೇಷನ್ ಆದಾಗ ಕೊಟ್ಟ ಕಣ್ಣಿನ ಹನಿಯ ಬಾಟಲಿ ಕಪಾಟಿನಲ್ಲಿ ಅರ್ಧ ಉಳಿದಿತ್ತು. ಹನಿ ಅಂದರೆ ಹನಿ, ಯಾರ ಕಣ್ಣಾದರೇನು ಎಂದುಕೊಂಡು ಮರುದಿನದ ಬುತ್ತಿಯಲ್ಲಿ ಇಟ್ಟೆ. ಕನ್ನಡಕ ಹೋಗಲಾಗದ ಚೀಲದಲ್ಲಿ ಅದು ರಾಜಾರೋಷವಾಗಿ ಹೋಯಿತು. ಒಂದೇ ದಿನದಲ್ಲಿ ಕೆಂಪು ಇಳಿಯಿತು. ನನ್ನ ಉಪಾಯಕ್ಕೆ ನಾನೇ ಹಿಗ್ಗಿದೆ.

ಹನ್ನೊಂದನೆಯ ದಿನ ಮಧ್ಯಾಹ್ನ ಅವನ ಫೋನ್ ಬಂತು. ನಾನು ಅಂಗಳದಲ್ಲಿ ಕಾಳು ಒಣಗಲು ಹರವುತ್ತಿದ್ದೆ.

“ಅಕ್ಕಾ, ಬಲಗಣ್ಣ ತೆರಿಯಾಕ ಆಗವಲ್ದು. ಬಿಸಲ ಅಂದ್ರ ಸೂಜಿ ಚುಚ್ಚಿದಂಗ ಆಗತೈತಿ.”

“ನಿನ್ನ ಮುಂದ ಎಷ್ಟ ಗಾಡಿ ಅದಾವು?” ಅಂದೆ.

“ನಲವತ್ತ ಇರಬೇಕು.”

“ಖಾಲಿ ಮಾಡೇ ಬಾ. ನಂಬರ್ ಹೋದ್ರ ಮಾವಾರು ಕೇಳತಾರ.”

ಅವನು ಹೂಂ ಅಂದ. ಒಂದೇ ಕಣ್ಣು ತೆರೆದು ನಲವತ್ತು ಗಾಡಿಗಳ ಹಿಂದೆ ಸರಿದು, ತೂಕದ ಕಾಟಾ ದಾಟಿ, ಕಬ್ಬು ಇಳಿಸಿ ಮರುದಿನ ಬೆಳಿಗ್ಗೆ ಬಂದ. ಅಂಗಳದಲ್ಲಿ ಇಳಿಯುವಾಗ ಮುಖದ ಮೇಲೆ ಟವೆಲ್ ಹಾಕಿಕೊಂಡಿದ್ದ. ಟವೆಲ್ ಸರಿಸಿ ನೋಡಿದೆ. ಕರಿಗುಡ್ಡೆಯ ಮೇಲೆ ಮೊಸರು ಸಿಡಿದಂತೆ ಒಂದು ಚುಕ್ಕೆ.

ಮಾವನವರು ಜೀಪು ಮಾಡಿಸಿ ನಮ್ಮಿಬ್ಬರನ್ನು ಗೋಕಾಕಕ್ಕೆ ಕಳಿಸಿದರು. ಡಾಕ್ಟರು ದೀಪ ಹಚ್ಚಿ ನೋಡಿ ಎಷ್ಟು ದಿನದಿಂದ ಹಾಕಿಕೊಂಡೇ ಮಲಗುತ್ತಿದ್ದಿ ಎಂದು ಕೇಳಿದರು. ತಮ್ಮ ಬೆರಳು ಮಡಚಿ ಲೆಕ್ಕ ಹೇಳಿದ. ಕಣ್ಣಿನ ಮೇಲೆ ಹುಣ್ಣಾಗಿತ್ತು.

“ಕಣ್ಣಿಗೂ ಗಾಳಿ ಬೇಕ್ರಿ. ಲೆನ್ಸ್ ಅಂದ್ರ ಅದರ ಮ್ಯಾಲ ಒಂದ ಮುಚ್ಚಳ. ರೆಪ್ಪಿ ಮುಚ್ಚಿ ಮಲಗಿದ್ರ ಇನ್ನೊಂದ ಮುಚ್ಚಳ. ಅದರಾಗ ತೊಟ್ಟಿ ನೀರ ಬ್ಯಾರೆ” ಅಂದರು. ಆಮೇಲೆ ತಮ್ಮ ತೋರಿಸಿದ ಹನಿಯ ಬಾಟಲಿ ಓದಿ ಅವರ ಮುಖ ಬದಲಾಯಿತು. ಇದು ಆಪರೇಷನ್ ಆದವರಿಗೆ ಕೊಡುವ ಸ್ಟಿರಾಯ್ಡ್, ಕೆಂಪನ್ನು ಅಡಗಿಸಿ ಒಳಗಿನ ರೋಗವನ್ನು ಬೆಳೆಯಲು ಬಿಟ್ಟಿದೆ, ಇದನ್ನು ಯಾರು ಕೊಟ್ಟರು ಎಂದು ಕೇಳಿದರು.

ತಮ್ಮ ನನ್ನ ಕಡೆ ತಿರುಗಲಿಲ್ಲ. “ಮನ್ಯಾಗ ಇತ್ರಿ. ನಾನ ತಗೊಂಡ ಹಾಕ್ಕೊಂಡೆ” ಅಂದ.

ಗೋಡೆಯ ಮೇಲೆ ಕಣ್ಣು ಪರೀಕ್ಷೆ ಮಾಡುವ ಅಕ್ಷರಗಳ ಹಲಗೆ ಇತ್ತು. ನಾನು ಅದನ್ನೇ ನೋಡುತ್ತ ಕುಳಿತೆ. ಕೊನೆಯ ಸಾಲಿನ ಸಣ್ಣ ಅಕ್ಷರ ಕೂಡ ನನಗೆ ಕಾಣುತ್ತಿತ್ತು.

ತಾಸಿಗೊಮ್ಮೆ ಹನಿ ಹಾಕಬೇಕಿತ್ತು. ಮೂಡಲಗಿಗೆ ಕರೆದೊಯ್ದು ಹದಿನೈದು ದಿನ ನಾನೇ ಹಾಕಿದೆ. ಕಿಟಕಿಗೆ ಕಂಬಳಿ ಕಟ್ಟಿದ ಕೋಣೆಯಲ್ಲಿ ಅವನು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದ. ಹುಣ್ಣು ನಿಧಾನವಾಗಿ ಮಾಗಿತು, ಕಲೆ ಉಳಿಯಿತು. ಒಂದು ಬೆಳಿಗ್ಗೆ ಚಿಕ್ಕಂದಿನ ಹಾಗೆ ಕಣ್ಣು ಮುಚ್ಚಿಕೊಂಡೇ ಕೈ ಚಾಚಿದ. ಕನ್ನಡಕವನ್ನು ನಾನು ಗಂಡನ ಮನೆಯಿಂದ ತಂದಿದ್ದೆ. ಒರೆಸಿ ಅಂಗೈಯಲ್ಲಿ ಇಟ್ಟೆ. ಕೀಲಿನ ಸಂದಿಯಲ್ಲಿ ಒಂದು ಗೋಧಿ ಕಾಳು ಸಿಕ್ಕಿಕೊಂಡಿತ್ತು. ಅವನು ಅದನ್ನು ಉಗುರಿನಿಂದ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟ. ಎಲ್ಲಿತ್ತೆಂದು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ ಎಂದು ಎಷ್ಟೋ ದಿನ ಅಂದುಕೊಂಡಿದ್ದೆ. ಖರೆ ಅಲ್ಲ. ಕೇಳದಿದ್ದದ್ದು ಒಳ್ಳೆಯದಾಯಿತು ಅನ್ನಿಸಿತ್ತು.

ಊರಲ್ಲಿ ಒಂದು ಮಾತು ತಾನಾಗಿ ಹುಟ್ಟಿತು. ಹುಡುಗ ಶೋಕಿ ಮಾಡಲು ಹೋಗಿ ಕಣ್ಣು ಕೆಡಿಸಿಕೊಂಡ ಎಂದು. ಮಾವನವರೂ ಹಾಗೇ ನಂಬಿದರು, ಚಸ್ಮಾ ಇನ್ನೂ ಬೇಕೆಂಬುದನ್ನು ಅವನು ನನ್ನಿಂದಲೂ ಮುಚ್ಚಿಟ್ಟಿದ್ದನೆಂದುಕೊಂಡರು. ಮದುವೆಗೆ ಹೆಣ್ಣು ನೋಡುವಾಗ ಚೆಂದ ಕಾಣಲಿ ಎಂದು ಹಾಕಿಕೊಂಡಿದ್ದನಂತೆ ಎಂದು ಇನ್ನೊಬ್ಬರು ಸೇರಿಸಿದರು. ನನ್ನ ಎದುರಿಗೇ ಆಡುತ್ತಿದ್ದರು. ನಾನು ಚಹಾ ಕೊಟ್ಟು ಒಳಗೆ ಹೋಗುತ್ತಿದ್ದೆ, ಒಳಗೆ ಹೋಗಿ ನಿಂತಲ್ಲಿ ನಿಲ್ಲಲಾಗದೆ ಮತ್ತೆ ಹೊರಗೆ ಬರುತ್ತಿದ್ದೆ. ಒಂದು ವರ್ಷ ಹೀಗೇ ಹೋಯಿತು.

ಈ ಸಲದ ಹಂಗಾಮಿಗೆ ಹೊಸ ಡ್ರೈವರ್ ಬೇಕಾಗಿತ್ತು. ಒಬ್ಬ ಬಂದು ಕಟ್ಟೆಯ ಮೇಲೆ ಕುಳಿತಿದ್ದ. ತಮ್ಮನೂ ಅದೇ ದಿನ ನನ್ನನ್ನು ನೋಡಲು ಬಂದಿದ್ದ. ಈಗ ಮೂಡಲಗಿಯಲ್ಲಿ ಪಂಪಿನ ರಿಪೇರಿ ಕೆಲಸ ಮಾಡುತ್ತಾನೆ. ದಾರಿಯಲ್ಲಿ ಗೋಕಾಕದಲ್ಲಿ ಇಳಿದು ಕರದಂಟು ತಂದಿದ್ದ. ಮಾವನವರು ಹೊಸಬನಿಗೆ ಚಸ್ಮಾ ಇದೆಯೇ ಎಂದು ಕೇಳಿ, ಇಲ್ಲ ಅಂದ ಮೇಲೆ ನಗುತ್ತ ತಮ್ಮನ ಕಡೆ ಕೈ ಮಾಡಿದರು.

“ನಮ್ಮ ಸೊಸಿ ತಮ್ಮನ್ನ ನೋಡು. ಇಂವನಂಗ ಶೋಕಿ ಮಾಡಬ್ಯಾಡ. ಚೆಂದ ಕಾಣಾಕ ಹೋಗಿ ಕಣ್ಣ ಮಾರ್ಕೊಂಡ.”

ತಮ್ಮ ಕನ್ನಡಕ ಮೇಲಕ್ಕೆ ಸರಿಸಿ ತಾನೂ ನಕ್ಕ. “ಹೌದ್ರಿ. ನಂದ ತಪ್ಪು” ಅಂದ.

ನನ್ನ ಕೈಯಲ್ಲಿ ಚಹಾದ ತಾಟಿತ್ತು. ತಾಟನ್ನು ಕಟ್ಟೆಯ ಮೇಲಿಟ್ಟೆ. ಒಳಗೆ ಹೋಗಲಿಲ್ಲ.

“ಮಾವಾರ, ಅಂವ ಶೋಕಿ ಮಾಡಿಲ್ರಿ. ಅಂವಗ ಚಸ್ಮಾ ಇಲ್ಲ ಅಂತ ನಿಮಗ ಸುಳ್ಳ ಹೇಳಿದಾಕಿ ನಾನು. ಆ ಚಸ್ಮಾ ಗೋಧಿ ಡಬ್ಬ್ಯಾಗ ಮುಚ್ಚಿಟ್ಟಾಕಿ ನಾನು. ನಿಮ್ಮ ಹನಿ ಕಳಿಸಿ ಅಂವನ ಕಣ್ಣ ಕೆಡಿಸಿದಾಕಿನೂ ನಾನ್ರಿ.”

ಮಾವನವರ ನಗು ಅರ್ಧಕ್ಕೆ ನಿಂತಿತು. ಹೊಸ ಡ್ರೈವರ್ ತನ್ನ ಚಪ್ಪಲಿ ನೋಡಿದ. ತಮ್ಮ ಬಿಡಬೇ ಎಂಬಂತೆ ಕೈ ಎತ್ತಿದ. ನಾನು ಅವನ ಮುಂದೆ ಹೋಗಿ ನಿಂತೆ, ಎಡಗಣ್ಣಿಗೆ ಸರಿಯಾಗಿ ಕಾಣುವ ಹಾಗೆ.

“ತಮ್ಮಾ, ನೀ ಹನ್ನೊಂದ ದಿನ ಕೇಳಿದಿ, ನಾ ಕೊಡಲಿಲ್ಲ. ಕಣ್ಣ ಚುಚ್ಚತೈತಿ ಅಂದಿ, ನಾ ನಂಬರ್ ಕೇಳಿದೆ. ಡಾಕ್ಟರ ಮುಂದ ನಿನ್ನ ಮ್ಯಾಲ ಹಾಕ್ಕೊಂಡಿ, ನಾ ಸುಮ್ಮನ ಕುಂತೆ. ತಪ್ಪಾತೋ ತಮ್ಮಾ. ನಂದ ತಪ್ಪಾತು.”