ವಿಮಾನಕ್ಕೆ ಬಟ್ಟೆ ಹೊಲಿದ ದಾಕ್ಷಾಯಣಮ್ಮ

ವಿದ್ಯಾರಣ್ಯಪುರಂ ಕಡೆ ಜೀಪಿನ ಹುಡ್, ಕಾರಿನ ಸೀಟ್ ಕವರ್ ಹೊಲಿಸಬೇಕೆಂದರೆ ದಾಕ್ಷಾಯಣಮ್ಮನವರ ಅಂಗಡಿಯೇ. ಅಪ್ಪನಿಂದ ಕಲಿತ ಕಸುಬು. ಮೂವತ್ತೈದು ವರ್ಷ ಸೂಜಿ ಹಿಡಿದು ಬೆರಳ ತುದಿ ಕಲ್ಲಾಗಿತ್ತು. ಹಳೆಯ ವಾಹನಗಳ ಹುಚ್ಚಿನ ವಿಜಯ್‌ಕುಮಾರ್ ಎಂಬತ್ತು ವರ್ಷದ ವಿಮಾನವೊಂದನ್ನು ಕೊಂಡು ನಂಜನಗೂಡು ರಸ್ತೆಯ ಶೆಡ್ಡಿಗೆ ತಂದಾಗ ಕರೆದದ್ದು ಇವರನ್ನೇ. ಒಂದರ ಮೇಲೊಂದು ರೆಕ್ಕೆ, ಮೇಲೆ ಸೂರಿಲ್ಲದ ಎರಡು ಸೀಟು, ಮೈತುಂಬ ಬಿಗಿದ ಬಟ್ಟೆ.

ಎಂಜಿನ್ ಕೆಲಸ ಬಸವರಾಜುವಿನದು. ಮೊದಲ ದಿನವೇ ಅವನು ಇವರ ಸೂಜಿಪೆಟ್ಟಿಗೆಯನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದ. "ಸೀಟ್ ಕವರ್ ಹೊಲಿಯೋರ್ಗೆ ಇಲ್ಲೇನ್ ಕೆಲ್ಸ?"

ದಾಕ್ಷಾಯಣಮ್ಮ ಪೆಟ್ಟಿಗೆ ಎತ್ತಿಕೊಂಡರು. ಆಮೇಲೆ ನಾಲ್ಕು ತಿಂಗಳು ಅವನ ಮುಖ ನೋಡಲಿಲ್ಲ.

ಹೊಲಿಗೆ, ಬಣ್ಣ ಎರಡೂ ಮುಗಿದವು. ಎಂಜಿನ್ ಓಡಿಸಿ ನೋಡಲು ಶುರುಮಾಡಿದ ವಾರದಲ್ಲೇ ವಿಮಾನದ ಹೊಟ್ಟೆಯ ಬಟ್ಟೆ ಜೋತು, ಬಣ್ಣ ಗುಳ್ಳೆಯೆದ್ದಿತು.

"ನಾನ್ ಹೇಳ್ಲಿಲ್ವಾ ಸಾರ್?" ಬಸವರಾಜು ಎಲ್ಲರಿಗೂ ಕೇಳುವಂತೆ ಅಂದ. "ಮೇಲೆ ಹೋದಾಗ ಈ ಹೊಲಿಗೆ ಕಿತ್ಕೊಂಡಿದ್ರೆ ಹೆಣ ಬೀಳ್ತಿತ್ತು."

ವಿಜಯ್‌ಕುಮಾರ್ ಮುಖ ಗಂಟಿಕ್ಕಿದ. "ಬಿಚ್ಚಿ ಹೊಸದಾಗಿ ಹೊಲಿದ್ಬುಡಿ, ಅಮ್ಮ."

"ಹೊಲೀತೀನಿ. ಮೊದ್ಲು ಎಂಜಿನ್ ಹತ್ತು ನಿಮಿಷ ಓಡಿಸ್ಲಿ."

ಬಸವರಾಜು ಹಲ್ಲು ಕಡಿಯುತ್ತ ವಿಮಾನದ ಮೂತಿಯ ಪಂಕ ತಿರುವಿದ. ಎಂಜಿನ್ ಗುಡುಗಿ, ಹತ್ತು ನಿಮಿಷ ಓಡಿ, ನಿಂತಿತು. ಅವನು ಎಂದಿನಂತೆ ಒರೆಸಲು ಬಟ್ಟೆಚೂರು ಹಿಡಿದು ಬರುವಷ್ಟರಲ್ಲಿ ದಾಕ್ಷಾಯಣಮ್ಮ ವಿಮಾನದ ಕೆಳಗೆ ಕೂತು, ತಮ್ಮದೇ ಹೊಲಿಗೆಯನ್ನು ಕತ್ತರಿಯಿಂದ ಉದ್ದಕ್ಕೂ ಸೀಳಿದ್ದರು. ಎಂಜಿನ್ನಿಂದ ಸೋರಿ ಒಳಗೆ ನಿಂತಿದ್ದ ಕರಿ ಎಣ್ಣೆ ಅವರ ಸೀರೆಯ ಮೇಲೆ ದಳದಳ ಸುರಿಯಿತು.

"ಹಳೇ ಎಂಜಿನ್ನು ಸಾರ್, ಒಂಚೂರು ಬೆವರ್ತದೆ," ಎಂದ ಬಸವರಾಜು.

"ಬೆವರೋದೇ ಆದ್ರೆ ದಿನಾ ಕದ್ದು ಯಾಕೋ ಒರೆಸ್ತಿದ್ದೆ?" ಎಂದರು ದಾಕ್ಷಾಯಣಮ್ಮ.

ಅವನು ಕೈಯಲ್ಲಿದ್ದ ಬಟ್ಟೆಚೂರನ್ನು ನೆಲಕ್ಕೆ ಅಪ್ಪಳಿಸಿ ಹೊರಟುಹೋದ. ಮೂರನೆಯ ದಿನ ಬಂದು ಎಂಜಿನ್ ಬಿಚ್ಚಿ ಸೋರಿಕೆ ನಿಲ್ಲಿಸಿದ. ತಪ್ಪಾಯಿತು ಎನ್ನಲಿಲ್ಲ. ಇವರೂ ಕಾಯಲಿಲ್ಲ, ಹೊಟ್ಟೆಯ ಬಟ್ಟೆ ಪೂರಾ ಕಿತ್ತು ಹೊಸದನ್ನು ಹೊಲಿದು ಕೊಟ್ಟರು.

ಫೆಬ್ರವರಿಯ ಒಂದು ಭಾನುವಾರ ವಿಮಾನ ಹಾರಿ, ಬೆಟ್ಟದ ಕಡೆ ಒಂದು ಸುತ್ತು ಹಾಕಿ ಸುಖವಾಗಿ ಇಳಿಯಿತು. ವಿಜಯ್‌ಕುಮಾರ್ ಹಿಗ್ಗಿ ಹೀರೇಕಾಯಿಯಾಗಿದ್ದ. "ಇನ್ನೊಂದು ವಿಮಾನ ನೋಡಿದೀನಿ, ಅಮ್ಮ. ಅದಕ್ಕೂ ನೀವಿಬ್ಬರೇ."

ದಾಕ್ಷಾಯಣಮ್ಮ ಸೂಜಿಗಳನ್ನು ಎಣಿಸಿ ಪೆಟ್ಟಿಗೆಗೆ ಹಾಕುತ್ತಿದ್ದರು. "ಎಂಜಿನ್ನಿಗೆ ಬೇರೆಯೋರ್ನ ನೋಡ್ಕೊಳಿ. ಇಲ್ಲಾಂದ್ರೆ ಬಟ್ಟೆಗೆ," ಎಂದು ಸಿಟಿ ಬಸ್ಸಿಗೆ ಹೊರಟರು.