ಹೇಳಿದ್ದನ್ನು ಒಪ್ಪಿಸುವ ರಘಣ್ಣ

ನಮ್ಮ ಬಾಬುರಾಯನಕೊಪ್ಪಲಿನ ರಘಣ್ಣ, ಯಾರು ಏನು ಹೇಳಿದರೂ ಅದನ್ನೇ ಮತ್ತೆ ಹೇಳಿ ಒಪ್ಪಿಸುತ್ತಾರೆ. ಬಸ್ಸಿನ ಕಂಡಕ್ಟರ್ "ಒಳಿಕ್ ನಡೀರಿ" ಎಂದರೆ, "ಒಳಗೆ ನಡೀತಿದ್ದೀನಿ" ಎಂದ ಮೇಲೆಯೇ ಕಾಲೆತ್ತುತ್ತಾರೆ. ತಾಯಿ ಚಿಕ್ಕಬೋರಮ್ಮ "ಡೇರಿಗೆ ಎರಡು ಕ್ಯಾನು ತಕ್ಕೊಂಡೋಗ್ಲಾ" ಎಂದರೆ, "ಡೇರಿಗೆ, ಎರಡು ಕ್ಯಾನು" ಎನ್ನುತ್ತಾರೆ. "ನಾನ್ ಎತ್ತಿದ್ದು ಮಗನ್ನೋ ಗಿಣೀನೋ ಕಾಣೆ ಕಣ್ಲಾ" ಎಂದು ಆಕೆ ಎಷ್ಟೋ ಸಲ ಬೈದದ್ದನ್ನು ನಾನೇ ಕೇಳಿದ್ದೇನೆ. ರಘಣ್ಣ ಮೈಸೂರಿನ ಉದ್ಯಮಿಯೊಬ್ಬರ ನಾಲ್ಕು ಸೀಟಿನ ವಿಮಾನದ ಪೈಲಟ್. ನಿಲ್ದಾಣದಿಂದ ಬರುವ ಸೂಚನೆಯನ್ನು ಪೈಲಟ್ ರೇಡಿಯೋದಲ್ಲಿ ಹಾಗೆಯೇ ಒಪ್ಪಿಸಬೇಕಂತೆ. ಮೊದಲ ಸಲ ಬೆಂಗಳೂರಿನಲ್ಲಿ ಇಳಿಯುವಾಗ ಹಿಂದೆ ಮುಂದೆಲ್ಲ ದೊಡ್ಡ ವಿಮಾನಗಳು. ಎಡಗಡೆಯ ರನ್‌ವೇ ಎಂದು ಹೇಳಿದ್ದನ್ನು ಇವರು ಗಾಬರಿಯಲ್ಲಿ ಬಲಗಡೆ ಎಂದು ಒಪ್ಪಿಸಿಬಿಟ್ಟರು. ಬಲಗಡೆ ಇನ್ನೊಂದು ವಿಮಾನ ಹೊರಡುವುದರಲ್ಲಿತ್ತು. ರೇಡಿಯೋದಲ್ಲಿದ್ದ ಹೆಣ್ಣುಮಗಳು ಗದರದೆ, ಅವಸರಪಡದೆ, ಎಡಗಡೆ ಎಂದು ತಿದ್ದಿದರು. "ಆ ತಾಯಿ ಎಸ್ರೂ ಗೊತ್ತಿಲ್ಲ ಕಣ್ಲಾ. ನಾನು ಬಾಯ್ಬುಟ್ಟು ಯೋಳಿದ್ಕೆ ತಪ್ಪು ಗೊತ್ತಾಯ್ತು" ಎಂದು ರಘಣ್ಣ ಇಂದಿಗೂ ಆಕಾಶಕ್ಕೆ ಕೈ ಮುಗಿಯುತ್ತಾರೆ. ಈ ಸಂಗತಿ ತಿಳಿದ ದಿನದಿಂದ ಚಿಕ್ಕಬೋರಮ್ಮ ಗಿಣಿಯ ಮಾತೆತ್ತಿಲ್ಲ. ಮಗ ಕೆಲಸಕ್ಕೆ ಹೊರಟಾಗ ಬೈಕಿನ ಹ್ಯಾಂಡಲ್ ಹಿಡಿದು, "ಉಸಾರಾಗಿ ಓಗ್ಬಾ" ಎನ್ನುತ್ತಾರೆ. ರಘಣ್ಣ ತಲೆಯಾಡಿಸಿದರೆ ಆಕೆಗೆ ಸಾಲದು. "ಬಾಯ್ಬುಟ್ಟು ಯೋಳ್ಲಾ." "ಉಸಾರಾಗಿ ಓಗ್ಬರ್ತೀನಿ ಕಣವ್ವ." ಅಷ್ಟು ಕೇಳಿದ ಮೇಲೆಯೇ ಆಕೆ ಹ್ಯಾಂಡಲ್ ಬಿಡುವುದು.