ಮುಂದಿನ ಸಾಲಿನ ಗಣ್ಯರು

ಮದುವೆಯಾಗಿ ಬಂದ ಸೊಸೆಯನ್ನು ಎಲ್ಲರೂ ಮೊದಲು ದೇವಸ್ಥಾನಕ್ಕೆ ಕರೆದೊಯ್ಯುತ್ತಾರೆ. ನನ್ನ ಮಾವ ನನ್ನನ್ನು ರುದ್ರಭೂಮಿಗೆ ಕರೆದೊಯ್ದರು.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಠಾಣೆ ಪಟ್ಟಣದ ಕೋಪರಿಯಲ್ಲಿ ಬೆಳೆದವಳು. ಅಪ್ಪ ಉಡುಪಿಯಿಂದ ಬಂದು ಸ್ಟೇಷನ್ ಹತ್ತಿರದ ಹೋಟೆಲೊಂದರಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದರು. ಗಂಡನ ಮನೆಯವರು ಬಿಜಾಪುರ ಕಡೆಯ ಲಿಂಗವಂತರು, ಠಾಕುರ್ಲಿಯಲ್ಲಿ ನೆಲೆಸಿದವರು. ಒಂದೇ ಆಫೀಸು, ಒಂದೇ ಲೋಕಲ್ ಗಾಡಿ, ಹಾಗಾಗಿ ಮದುವೆ. ನಮ್ಮಲ್ಲಿ ಸತ್ತವರನ್ನು ಸುಡುತ್ತಾರೆ. ಅವರಲ್ಲಿ ಹೂಳುತ್ತಾರೆ, ಅದೂ ಕೂರಿಸಿ. ಇದನ್ನು ಕೇಳಿದ ನನ್ನ ಅಮ್ಮ, "ಕೂತ್ಕೊಂಡೇ ಇರ್ಬೇಕಾ? ಕಾಲು ಜೋಮು ಹಿಡಿಯುದಿಲ್ವಾ ಮಾರಾಯ್ತಿ?" ಎಂದಿದ್ದಳು.

ಮಾವ ಕಲ್ಯಾಣದ ಮಾರುಕಟ್ಟೆಗೆ ಹಮಾಲರನ್ನು ಒದಗಿಸುವ ಗುತ್ತಿಗೆದಾರರು. ಜೊತೆಗೆ ತಮ್ಮ ಸಮಾಜದ ಅಧ್ಯಕ್ಷರು. ಸಮಾಜ ಎಂಬ ಆ ಸಂಘಕ್ಕೆ ವರ್ಷಕ್ಕೊಮ್ಮೆ ಒಂದು ಮೆರವಣಿಗೆ ಬಿಟ್ಟರೆ ಇದ್ದ ಕೆಲಸ ಒಂದೇ, ಆ ರುದ್ರಭೂಮಿಯನ್ನು ನೋಡಿಕೊಳ್ಳುವುದು. ಕಲ್ಯಾಣದ ಹೊರಗೆ ಖಾಡಿಯ ಉಪ್ಪುನೀರಿನ ದಂಡೆಯಲ್ಲಿದ್ದ ಹಳೆಯ ಜಾಗ ಅದು. ರೈಲುದಾರಿ ಹಾಕುವ ಕಾಲದಲ್ಲಿ ಬಿಜಾಪುರ ಕಡೆಯಿಂದ ಬಂದವರು ಮೊದಲು ಅಲ್ಲಿ ಹೂಳಲು ಶುರುಮಾಡಿದರಂತೆ. ಗೇಟು ದಾಟಿದ ಕೂಡಲೇ ಕರಿಕಲ್ಲಿನ ಗದ್ದುಗೆಗಳ ಒಂದು ಸಾಲು, ರಸ್ತೆಗೆ ಮುಖಮಾಡಿ. ಮಾವ ಅದನ್ನು "ಗಣ್ಯರ ಸಾಲು" ಎನ್ನುತ್ತಿದ್ದರು. ಹಾಗೆ ಬರೆದ ಫಲಕವೂ ಇತ್ತು.

ಮೊದಲನೆಯ ಗದ್ದುಗೆಯ ಮುಂದೆ ಮಾವ ಚಪ್ಪಲಿ ಬಿಟ್ಟರು. ನಾನೂ ಬಿಟ್ಟೆ.

"ನೋಡವಾ, ಇವರು ಘಟ್ಟದಾಗ ಸುರಂಗ ಕೊರದಾರ. ಇವರಿಲ್ದಿದ್ರ ಪುಣೆಗೆ ರೈಲ ಇದ್ದಿಲ್ಲ."

"ಇವರೇ ಕೊರೆದದ್ದಾ ಮಾವ?"

"ಕೊರಿಸ್ಯಾರ. ಗುತ್ತೇದಾರ್ರು."

"ಕೊರೆದವರನ್ನು ಎಲ್ಲಿ ಹೂಳಿದ್ದಾರೆ?"

ಮಾವ ನನ್ನ ಮುಖ ನೋಡಿದರು. ಸೊಸೆ ಹೊಸಬಳು, ತಿಳಿಯದೆ ಕೇಳಿದ್ದಾಳೆ ಎಂದುಕೊಂಡಿರಬೇಕು. "ಅವರು ಕೂಲಿಮಂದಿ," ಎಂದು ಮುಂದಕ್ಕೆ ನಡೆದರು.

ಎರಡನೆಯ ಗದ್ದುಗೆ ಒಬ್ಬ ಕಾಳಿನ ವ್ಯಾಪಾರಿಯದು. ಬರಗಾಲದಲ್ಲಿ ಅನ್ನದಾನ ಮಾಡಿದ ಪುಣ್ಯಾತ್ಮ ಎಂದು ಕಲ್ಲಿನ ಮೇಲೆ ಕೊರೆದಿತ್ತು. ಬರಗಾಲದಲ್ಲಿ ಅನ್ನದಾನ ಮಾಡುವಷ್ಟು ಕಾಳು ಅವನೊಬ್ಬನ ಗೋದಾಮಿನಲ್ಲಿ ಉಳಿದದ್ದು ಹೇಗೆಂದು ಕಲ್ಲು ಹೇಳುತ್ತಿರಲಿಲ್ಲ. ಮೂರನೆಯದು ಒಬ್ಬ ಪೈಲ್ವಾನರದು. ಕಲ್ಲಿನ ಮೇಲೆ ಗದೆ. ಅವರು ಯಾರನ್ನು ಸೋಲಿಸಿದ್ದರು ಎಂದು ಕೇಳಿದೆ. ಮಾವನಿಗೆ ಗೊತ್ತಿರಲಿಲ್ಲ. ಆದರೆ ಆ ಪೈಲ್ವಾನರು ಒಂದು ಹೊತ್ತಿಗೆ ಎಷ್ಟು ತಿನ್ನುತ್ತಿದ್ದರೆಂದು ಬಹಳ ಹೊತ್ತು ವರ್ಣಿಸಿದರು. ಹೀಗೇ ಸಾಲು ಮುಂದುವರಿಯಿತು. ಅಷ್ಟು ಕಲ್ಲುಗಳಲ್ಲಿ ಒಂದೂ ಹೆಂಗಸಿನದಿರಲಿಲ್ಲ.

ಸಾಲಿನ ಕೊನೆಯಲ್ಲಿ ಖಾಲಿ ಜಾಗ. ಸುತ್ತ ಇಟ್ಟಿಗೆಯ ಕಟ್ಟೆ, ಮೂಲೆಯಲ್ಲೊಂದು ಬಿಲ್ವದ ಸಸಿ. ಮಾವ ಸಸಿಗೆ ಕೈಯಾರೆ ನೀರು ಹಾಕಿ, "ಇದು ನಂದು," ಎಂದರು. ಫ್ಲಾಟು ಬುಕ್ ಮಾಡಿದವರು ಕಟ್ಟಡವೇಳುವ ಮೊದಲೇ ನೆಂಟರಿಗೆ ಜಾಗ ತೋರಿಸುತ್ತಾರಲ್ಲ, ಅದೇ ಮುಖ, ಅದೇ ದನಿ.

ಆಮೇಲೆ ಮನೆಯಲ್ಲಿ ಅತ್ತೆಗೆ ಇದನ್ನು ಹೇಳಿದೆ. ಅತ್ತೆ ರೊಟ್ಟಿ ಬಡಿಯುತ್ತಿದ್ದರು. "ಆ ಗಿಡಕ್ಕ ನೀರು ಹಾಕಾಕ ದಿನಾ ಹೊಕ್ಕಾರ," ಎಂದರು. "ಮನ್ಯಾಗ ಒಂದು ಚರಿಗಿ ನೀರು ತಾವಾಗೇ ತಗೊಂಡವರಲ್ಲ." ಅಷ್ಟೇ ಹೇಳಿ ಮತ್ತೆ ಬಡಿಯತೊಡಗಿದರು.

ಆ ಮನೆಯಲ್ಲಿ ಸಂಜೆಯಾದರೆ ಸಮಾಜದ ಮೀಟಿಂಗು. ಉಪಾಧ್ಯಕ್ಷರು ನಿವೃತ್ತ ಫೌಜದಾರರು. ಲಾಠಿ ಹೋದರೂ ಅದನ್ನು ಹಿಡಿದ ಕೈಯ ಗತ್ತು ಹೋಗಿರಲಿಲ್ಲ. ಅವರ ಬೀಗರು ಡೊಂಬಿವಲಿಯಲ್ಲಿ ಜವಳಿ ಅಂಗಡಿ ಇಟ್ಟವರು. ಮೂವರೂ ಸೋಫಾದಲ್ಲಿ ಕೂತು, ನಾನು ಮಾಡಿಕೊಟ್ಟ ಚಹಾ ಕುಡಿಯುತ್ತ, ಮುಂದಿನ ಸಾಲಿಗೆ ಯಾರು ಯೋಗ್ಯರು ಎಂದು ಚರ್ಚಿಸುತ್ತಿದ್ದರು. ನಲ್ಲಿಯಲ್ಲಿ ನೀರು ಬರದ ದಿನ, ರೈಲು ನಿಂತ ದಿನ, ಊರಿಗೆ ಊರೇ ಹೆದರಿ ಬಾಗಿಲು ಹಾಕಿಕೊಂಡ ದಿನ ಕೂಡ ಅವರ ಚರ್ಚೆ ತಪ್ಪಲಿಲ್ಲ. ಬದುಕಿದ್ದವರ ಬಗ್ಗೆ ಅವರು ಮಾತಾಡಿದ್ದನ್ನು ನಾನು ಕೇಳಲಿಲ್ಲ.

ಒಂದು ಮಳೆಗಾಲದ ಮಧ್ಯಾಹ್ನ ಅತ್ತೆ, ಮಾವ, ನಾನು ರುದ್ರಭೂಮಿಗೆ ಹೋಗಿದ್ದೆವು, ಮಾವನ ಅಣ್ಣನ ಪುಣ್ಯತಿಥಿಗೆ. ಆಗ ಒಂದು ಟೆಂಪೊ ಬಂದು ಗೇಟಿನ ಹೊರಗೆ ನಿಂತಿತು. ಸೀವುಡ್ಸ್‌ನಲ್ಲಿ ಏಳುತ್ತಿದ್ದ ಕಟ್ಟಡವೊಂದರಿಂದ ಬಿದ್ದು ಸತ್ತ ಕೆಲಸಗಾರನ ಹೆಣ ಅದರಲ್ಲಿತ್ತು. ಜೊತೆಗೆ ಅವನ ಹೆಂಡತಿ, ಮತ್ತೆ ಕೈಕಾಲಿಗೆ ಸಿಮೆಂಟು ಮೆತ್ತಿಕೊಂಡಿದ್ದ ನಾಲ್ಕಾರು ಜನ. ಕಲಬುರ್ಗಿ ಕಡೆಯವರು. ಹೂಳುವ ಜಾಗ ಎಲ್ಲಿದೆಯೆಂದು ಕೇಳಿಕೊಂಡು ಅಷ್ಟು ದೂರದಿಂದ ಬಂದಿದ್ದರು.

ಮಾವ ಗೇಟಿಗೆ ಅಡ್ಡ ನಿಂತರು. "ಯಾವ ಮಠದವರು ನೀವು? ಅವಗ ದೀಕ್ಷಾ ಆಗಿತ್ತೇನು? ಕೊಳ್ಳಾಗ ಲಿಂಗ ಎಲ್ಲೈತಿ?"

ಆ ಹೆಂಗಸು, ನನಗಿಂತ ಸ್ವಲ್ಪ ದೊಡ್ಡವಳು, ಅತ್ತು ಮುಗಿಸಿದವಳಂತೆ ಒಣ ದನಿಯಲ್ಲಿ ಹೇಳಿದಳು: "ಕೊಳ್ಳಾಗೇ ಇತ್ರಿ ಯಪ್ಪಾ. ಮ್ಯಾಲಿಂದ ಬಿದ್ದಾಗ ಎಲ್ಲಿ ಹ್ವಾಯಿತೋ ಏನೋ. ಹುಡುಕ್ಲಕ ಬಿಡಲಿಲ್ಲ ನಮಗ."

"ಲಿಂಗ ಇಲ್ದ ಇಲ್ಲಿ ಹುಗ್ಯಾಕ ಬರಾಂಗಿಲ್ಲ."

ನಾನು ಸುಮ್ಮನಿರಲಾರದೆ, "ಸತ್ತವನ ಪರೀಕ್ಷೆ ಯಾಕೆ ಮಾವ? ಅವನೇನು ಉತ್ತರ ಕೊಡುತ್ತಾನಾ?" ಎಂದೆ.

"ನೀ ಸುಡೋ ಮಂದಿ," ಎಂದರು ಮಾವ. "ನಿನಗ ಹುಗಿಯೂದ್ರಾಗ ಏನ ತಿಳೀತೈತಿ?"

ಮಳೆ ಬೀಳುತ್ತಲೇ ಇತ್ತು. ಟೆಂಪೊದವನು ಹಾರ್ನ್ ಹೊಡೆಯತೊಡಗಿದ. ಆಗ ಅತ್ತೆ ಮುಂದೆ ಬಂದರು. ಗಂಡನ ಎದುರು ಅವರು ದನಿಯೆತ್ತಿದ್ದನ್ನು ನಾನು ಕಂಡೇ ಇರಲಿಲ್ಲ. ಆವತ್ತೂ ಎತ್ತಲಿಲ್ಲ. ತಮ್ಮ ಭಾವನ ಪೂಜೆಗೆಂದು ತಂದಿದ್ದ ವಿಭೂತಿ, ಪತ್ರಿ, ಹೂವಿನ ಬುಟ್ಟಿಯನ್ನು ಆ ಹೆಂಗಸಿನ ಕೈಗೆ ಕೊಟ್ಟು, "ಒಳಗ ಬಾರವ್ವ," ಎಂದು ಅವಳ ತೋಳು ಹಿಡಿದು ಮಾವನ ಪಕ್ಕದಿಂದಲೇ ನಡೆದರು. ಹೆಣ ಹೊತ್ತವರು ಅವರ ಹಿಂದೆ ಹೊರಟರು. ಹೆಂಡತಿಯನ್ನು ನಾಲ್ಕು ಜನರೆದುರು ತಡೆಯುವುದು ಮರ್ಯಾದೆಯಲ್ಲ ಎಂದು ಮಾವನಿಗೆ ಅನಿಸಿರಬೇಕು. ದಾರಿ ಬಿಟ್ಟರು. ಆದರೆ ಕೊನೆಯ ಮಾತು ತಮ್ಮದೇ ಆಗಬೇಕಲ್ಲ, "ಹಿಂದ ಗ್ವಾಡಿ ಕಡೆ ಒಯ್ರಿ! ಮುಂದ ಜಾಗ ಇಲ್ಲ," ಎಂದು ಕೂಗಿದರು.

ಹಿಂದಿನ ಗೋಡೆಯ ಕಡೆ ಕೆಸರು. ಉಬ್ಬರದ ಹೊತ್ತಿಗೆ ಖಾಡಿಯ ನೀರು ಅಲ್ಲಿಗೆ ಜಿನುಗುತ್ತಿತ್ತು. ಆ ಹೆಂಗಸು ತಿರುಗಿ ಗಣ್ಯರ ಸಾಲನ್ನೊಮ್ಮೆ ನೋಡಿದಳು. "ಅಲ್ಲೇ ಇರ್ಲಿ ಬಿಡ್ರಿ ಸಾವ್ಕಾರ್ರ," ಎಂದಳು. "ನಿಮ್ಮ ಸಾಲಿನ್ಯಾಗ ಅವನಿಗಿ ಮಾತಾಡ್ಲಕ ಯಾರೂ ಸಿಗಂಗಿಲ್ಲ."

ಮಾವನಿಗೆ ಆ ಮಾತು ಮುಟ್ಟಲಿಲ್ಲ. ಸಂಜೆಯ ಮೀಟಿಂಗಿನಲ್ಲಿ, ಕರುಣೆಯಿಂದ ಒಬ್ಬ ಬಡವನಿಗೆ ಜಾಗ ಕೊಟ್ಟೆ ಎಂದು ಹೇಳಿಕೊಂಡರು. ಫೌಜದಾರರು ತಲೆದೂಗಿದರು. ನಾನು ಚಹಾಕ್ಕೆ ಸಕ್ಕರೆ ಹಾಕಲಿಲ್ಲ. ಅದೂ ಯಾರಿಗೂ ಗೊತ್ತಾಗಲಿಲ್ಲ.

ಕೆಲವು ವರ್ಷಗಳ ನಂತರ ಮಾವನಿಗೆ ಪಾರ್ಶ್ವವಾಯು ಹೊಡೆಯಿತು. ಬಹಳ ದಿನ ಆಸ್ಪತ್ರೆಯಲ್ಲಿದ್ದರು. ಮಾತು ನಿಂತಿತ್ತು. ಫೌಜದಾರರು ಒಂದು ಸಲ ಸೇಬು ತಂದುಕೊಟ್ಟು ಹೋದರು, ಆಮೇಲೆ ಬರಲಿಲ್ಲ. ಮಾವ ದಿನವೂ ಬಾಗಿಲ ಕಡೆ ನೋಡುತ್ತಿದ್ದರು. ಅತ್ತೆ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದರು. ಒಂದು ಬೆಳಿಗ್ಗೆ ಮಾವ ಹಾಗೆ ಬಾಗಿಲು ನೋಡುತ್ತಲೇ ತೀರಿಕೊಂಡರು.

ಶವಯಾತ್ರೆ ದೊಡ್ಡದಾಗಿಯೇ ಆಯಿತು. ಬಿದಿರಿನಲ್ಲಿ ಕಟ್ಟಿ ಚೆಂಡುಹೂವಿನಿಂದ ಅಲಂಕರಿಸಿದ ವಿಮಾನದಲ್ಲಿ ಮಾವನನ್ನು ಕೂರಿಸಿದರು. ಹಣೆ ತುಂಬ ವಿಭೂತಿ, ತಲೆಗೆ ರೇಷ್ಮೆ ರುಮಾಲು. ಹಲಗೆ, ಭಜನೆ, ಹಿಂದೆ ಸಾಲುಗಟ್ಟಿ ನಿಂತ ರಿಕ್ಷಾಗಳ ಬೈಗುಳ. ರುದ್ರಭೂಮಿಯ ಗೇಟು ದಾಟಿ ಸಾಲಿನ ಕೊನೆಗೆ ಹೋದಾಗ, ಮುಂದೆ ನಡೆಯುತ್ತಿದ್ದವರು ತಟ್ಟನೆ ನಿಂತರು.

ಇಟ್ಟಿಗೆಯ ಕಟ್ಟೆಯೊಳಗೆ ಹೊಸ ಗದ್ದುಗೆ ಇತ್ತು. ಬಿಲ್ವದ ಗಿಡ ಅದಕ್ಕೆ ನೆರಳು ಕೊಟ್ಟಿತ್ತು. ಮಾವ ಆಸ್ಪತ್ರೆಯಲ್ಲಿದ್ದಾಗ ಫೌಜದಾರರ ಬೀಗರಾದ ಜವಳಿ ಸಾಹುಕಾರರು ತೀರಿಕೊಂಡಿದ್ದು ನಮಗೆ ಗೊತ್ತಿತ್ತು. ಎಲ್ಲಿ ಹೂಳಿದರೆಂದು ಕೇಳುವ ಪುರುಸೊತ್ತು ನಮಗಿರಲಿಲ್ಲ, ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಗುಂಡಿ ತೋಡಿಸುವ ಹೊಣೆ ಹೊತ್ತಿದ್ದ ಫೌಜದಾರರು ಎಲ್ಲ ಗೊತ್ತಿದ್ದೂ ಬೆಳಗಿನಿಂದ ಮೆರವಣಿಗೆಯ ಮುಂದೆ ಕೈಮುಗಿದುಕೊಂಡು ನಡೆದಿದ್ದರು.

ನನ್ನ ಗಂಡ ಫೌಜದಾರರ ಅಂಗಿ ಹಿಡಿದ. "ಇದು ಅಪ್ಪಾರ ಜಾಗಾರೀ!"

"ಕೈ ತಗಿ. ಜಾಗಾ ಸಮಾಜದ್ದು. ಯಾರು ಮೊದಲ ಸತ್ರು ಅವರದು."

"ಲೋಕಲ್ ಗಾಡ್ಯಾಗ ಸೀಟ್ ಹಿಡದಂಗ ಹಿಡದೀರೆಲ್ರೀ!"

ಜವಳಿ ಸಾಹುಕಾರರ ಮಕ್ಕಳೂ ಅಲ್ಲೇ ಇದ್ದರು. ಅವರು ಬೆಳೆದದ್ದು ಡೊಂಬಿವಲಿಯಲ್ಲಿ. ಜಗಳಕ್ಕೆ ಕನ್ನಡ ಸಾಲದೆ ಮರಾಠಿಗೆ ಇಳಿದರು. ಅಪ್ಪನನ್ನು ತೆಗೆಯುವುದಿಲ್ಲ, ಬೇಕಾದರೆ ಕೋರ್ಟಿಗೆ ಹೋಗಿ ಎಂದರು. ಯಾರೋ ಪೈಲ್ವಾನರ ಗದ್ದುಗೆಯನ್ನು ಸ್ವಲ್ಪ ಸರಿಸಬಹುದು ಎಂದು ಸಲಹೆ ಕೊಟ್ಟರು. ಇನ್ಯಾರೋ ಕಾಳಿನ ವ್ಯಾಪಾರಿಗೆ ಈಗ ವಾರಸುದಾರರೇ ಇಲ್ಲ ಎಂದು ನೆನಪಿಸಿದರು. ಅಷ್ಟು ವರ್ಷ ಚಪ್ಪಲಿ ಬಿಟ್ಟು ಕೈಮುಗಿದ ಮಹನೀಯರನ್ನು ಅಗೆದು ಬಿಸಾಕುವ ಮಾತಾಡಲು ಅವರಿಗೆ ಒಂದು ಗಳಿಗೆಯೂ ಹಿಡಿಯಲಿಲ್ಲ. ಮಂತ್ರ ಹೇಳಬೇಕಾದ ಅಯ್ಯನವರು ಗಡಿಯಾರ ನೋಡುತ್ತಿದ್ದರು. ಬಿಸಿಲಲ್ಲಿ ವಿಮಾನದೊಳಗೆ ಕೂತಿದ್ದ ಮಾವನ ರುಮಾಲು ಒಂದು ಕಣ್ಣಿನ ಮೇಲೆ ಜಾರಿತ್ತು. ಅದನ್ನು ಸರಿಪಡಿಸಿದ್ದು ಅತ್ತೆ. ಸರಿಪಡಿಸಿ, ಎಲ್ಲರ ಕಡೆ ತಿರುಗಿದರು.

"ಸಾಕ ಮಾಡ್ರಿ. ಹಿಂದ ಗ್ವಾಡಿ ಕಡೆ ಒಯ್ರಿ."

"ಅವ್ವಾ, ಅಲ್ಲಿ ಕೂಲಿಮಂದಿ..." ಎಂದ ನನ್ನ ಗಂಡ.

"ಮಂದಿನೋ ಇಲ್ಲೋ? ಒಯ್ರಿ ಅಂದ್ರ ಒಯ್ರಿ. ಬಿಸಲಾಗ ಎಷ್ಟೊತ್ತು ಕುಂದ್ರಬೇಕು ಅವರು?"

ಹೀಗೆ ಮಾವ ಹಿಂದಿನ ಗೋಡೆಯ ಬಳಿ, ಸೀವುಡ್ಸ್‌ನ ಆ ಕೆಲಸಗಾರನ ಪಕ್ಕಕ್ಕೆ ಬಂದರು. ಅವನ ಮಣ್ಣಿನ ಗುಪ್ಪೆಯ ಮೇಲೆ ಯಾರೋ ತುಳಸಿ ನೆಟ್ಟಿದ್ದರು. ಗುಂಡಿಯನ್ನು ಆಗಲೇ ತೋಡಬೇಕಾಯಿತು. ಫೌಜದಾರರು ಮುಖ್ಯವಾದ ಕೆಲಸವಿದೆಯೆಂದು ಹೊರಟುಹೋದರು; ಅವರ ಹಿಂದೆ ಬಹಳ ಜನ. ಕೊನೆಯವರೆಗೆ ಉಳಿದು ಮಣ್ಣು ಹಾಕಿದವರಲ್ಲಿ ಹೆಚ್ಚಿನವರು ಮಾವ ಎಂದೂ ಹೆಸರು ಹಿಡಿದು ಕರೆಯದ ಹಮಾಲರು. ನನಗೆ ಮಾವನ ಬಗ್ಗೆ ಆವರೆಗೆ ಇದ್ದದ್ದು ತಾತ್ಸಾರ ಮಾತ್ರ. ಆವತ್ತು ಸ್ವಲ್ಪ ಮರುಕ ಹುಟ್ಟಿತು. ಮರುಕ ಹುಟ್ಟಿಸಿದ್ದಕ್ಕೆ ಅವರ ಮೇಲೆ ಸಿಟ್ಟೂ ಬಂತು.

ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ತಿಂಗಳು ಕಳೆಯುವುದರೊಳಗೆ ಫೌಜದಾರರು ಮನೆಗೆ ಬಂದರು. ಈಗ ಅವರೇ ಅಧ್ಯಕ್ಷರು. ಅದೇ ಸೋಫಾದಲ್ಲಿ ಕೂತು, ಸಮಾಜಕ್ಕೆ ಬಹಳ ಕೆಟ್ಟ ಹೆಸರು ಬಂದಿದೆ, ಒಂದು ಉಪಾಯ ಹುಡುಕಿದ್ದೇವೆ ಎಂದರು.

"ಸಾಲಿನ್ಯಾಗ ಎರಡು ಗದ್ದಗಿ ನಡುವ ಸಣ್ಣ ಸಂದಿ ಐತಿ. ಮನಿಷ್ಯಾ ಹಿಡಿಯಾಂಗಿಲ್ಲ. ಕಲ್ಲು ಹಿಡೀತೈತಿ. ಹೆಸರು ಕೆತ್ತಿಸಿ ಕಲ್ಲು ನಿಲ್ಲಸೂಣು."

"ಮಾವ ಹಿಂದೆ, ಕಲ್ಲು ಮುಂದೆಯಾ?" ಎಂದು ಕೇಳಿದೆ.

"ನೋಡವರಿಗೆ ಏನ್ ಗೊತ್ತಾಕ್ಕೈತಿ ತಂಗಿ?"

ನನ್ನ ಗಂಡ ಒಪ್ಪಿದ. ಒಪ್ಪಿದ್ದಷ್ಟೇ ಅಲ್ಲ, ಸಮಾಧಾನದ ನಿಟ್ಟುಸಿರು ಬಿಟ್ಟ. ಅಂಗಿ ಹಿಡಿದಿದ್ದ ಕೈಯಿಂದಲೇ ಫೌಜದಾರರ ಕೈ ಕುಲುಕಿದ. ನಾನು ಅವನ ಜೊತೆ ಕೆಲವು ದಿನ ಮಾತು ಬಿಟ್ಟೆ. ಕಲ್ಲು ಬಂತು. "ಸಮಾಜ ಭೂಷಣ, ದೀನಬಂಧು" ಎಂದು ಮಾವನ ಹೆಸರಿನ ಕೆಳಗೆ ಕೆತ್ತಿತ್ತು.

ವರ್ಷದ ಪುಣ್ಯತಿಥಿಗೆ ಆ ಕಲ್ಲಿನ ಮುಂದೆ ಶಾಮಿಯಾನ ಹಾಕಿದರು. ಫೌಜದಾರರ ಭಾಷಣ. ಇಲ್ಲಿ ಮಲಗಿರುವ ಮಹಾನುಭಾವರು ಎಂದು ಶುರುಮಾಡಿದರು. ಕೂತಿರುವ ಎಂದಾದರೂ ಹೇಳಬಹುದಿತ್ತು. ಭಾಷಣದ ನಡುವೆ ಅತ್ತೆ ಕಾಣಲಿಲ್ಲ. ಹುಡುಕುತ್ತ ಹಿಂದಿನ ಗೋಡೆಯ ಕಡೆ ಹೋದೆ. ಅತ್ತೆ ಸೀರೆಯನ್ನು ಮೊಳಕಾಲಿನವರೆಗೆ ಎತ್ತಿಕೊಂಡು ಮಾವನ ಗುಪ್ಪೆಯ ಮೇಲಿನ ಕಳೆ ಕೀಳುತ್ತಿದ್ದರು. ಪಕ್ಕದ ಗುಪ್ಪೆಯ ಕಳೆ ಕೀಳುತ್ತಿದ್ದವಳು ಕಲಬುರ್ಗಿಯ ಆ ಹೆಂಗಸು. ಈಗ ನೆರೂಳಿನಲ್ಲಿ ಇನ್ನೊಂದು ಕಟ್ಟಡದ ಕೆಲಸ, ಮಗಳನ್ನು ಊರಿನಲ್ಲೇ ತಾಯಿಯ ಹತ್ತಿರ ಶಾಲೆಗೆ ಬಿಟ್ಟಿದ್ದೇನೆ ಎನ್ನುತ್ತಿದ್ದಳು. ಇಲ್ಲಿ ಸಿಗುವ ಜೋಳ ರೊಟ್ಟಿಗೆ ಜಿಗಿ ಬರುವುದಿಲ್ಲ ಎಂದು ಇಬ್ಬರೂ ಒಪ್ಪಿಕೊಂಡರು.

ಆಗ ಫೌಜದಾರರ ಕಡೆಯ ಒಬ್ಬರು ಬಂದು, ಕೆಸರು ಶುರುವಾಗುವಲ್ಲೇ ಬೂಟು ನಿಲ್ಲಿಸಿ ಕೂಗಿದರು: "ಅವ್ವಾರ, ಈ ಕಡೆ ಬರ್ರಿ. ಕಲ್ಲಿನ ಮುಂದ ಒಂದು ಫೋಟೊ ತಗಸೂಣು."

"ನನ್ನ ಗಂಡ ಇಲ್ಲಿ ಅದಾರ್ರೀ," ಎಂದರು ಅತ್ತೆ ತಲೆಯೆತ್ತದೆ. "ಫೋಟೊ ಬೇಕಾದ್ರ ನೀವ ಬರ್ರಿ."

ಆತ ತನ್ನ ಬೂಟು ನೋಡಿಕೊಂಡ, ಕೆಸರು ನೋಡಿದ, ತಿರುಗಿ ಹೋದ. ಆ ಕಡೆ ಚಪ್ಪಾಳೆ ಕೇಳಿಸಿತು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೂರನೆಯವಳಾಗಿ ಕೂತು ಕಳೆ ಕೀಳತೊಡಗಿದೆ. ಮಣ್ಣು ಮೆತ್ತಗಿತ್ತು, ಬೇರು ಸಲೀಸಾಗಿ ಬರುತ್ತಿತ್ತು.